ಹೇಮಾವತಿಯ ಸೀಮೆಯಲ್ಲಿ ಆಟದ ಲೋಕಗಳು

ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲು ಕೃಷ್ಣರಾಜನಗರವನ್ನು ದಾಟಿ ಮುಂದೆ ಸಾಗಿದಂತೆ ಹೇಮಾವತಿಯ ಬಯಲು ತೆರೆದುಕೊಳ್ಳುತ್ತದೆ. ಬತ್ತದ ಗದ್ದೆ, ಕಬ್ಬಿನ ಹೊಲ, ತೆಂಗಿನ ತೋಟಗಳ ನಡುವೆ ಸಿಕ್ಕುವ ಊರು ಹೊಳೆನರಸೀಪುರ. ಊರಿನ ಗುರುತು ಅದರ ಹೆಸರಿನಲ್ಲಿಯೇ ಇದೆ. ಒಂದು ಹೊಳೆ, ಇನ್ನೊಂದು ಹೊಳೆಯ ದಡದ ಊರಿನಲ್ಲಿ ನೆಲಸಿದ ಲಕ್ಷ್ಮೀನರಸಿಂಹ. ಮೂಡಿಗೆರೆಯ ಕಡೆಯ ಮಲೆನಾಡಿನಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ತುಸು ಹೊತ್ತು ನಿಂತು, ಹೇಮಾವತಿ ಇಲ್ಲಿಗೆ ಬರುತ್ತಾಳೆ; ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಬೇಲೂರು, ಹಳೇಬೀಡು, ಬೆಳಗೊಳಗಳನ್ನು ನೋಡಲು ಹೊರಟ ಪ್ರವಾಸಿಗರು ಈ ಊರನ್ನು ಬಹುಮಟ್ಟಿಗೆ ರೈಲಿನ ಕಿಟಕಿಯಿಂದಲೇ ಕಂಡು ಮುಂದೆ ಹೋಗುವರು.

ಹೊಳೆನರಸೀಪುರ, ಅರಕಲಗೂಡು, ಹಾಸನ, ಚನ್ನರಾಯಪಟ್ಟಣ ಎಂಬ ಈ ಅಕ್ಕಪಕ್ಕದ ನಾಲ್ಕು ತಾಲ್ಲೂಕುಗಳನ್ನು ಭಕ್ತರು ಕಂಡಿದ್ದಾರೆ, ಶಿಲ್ಪಪ್ರಿಯರು ಕಂಡಿದ್ದಾರೆ. ಇವನ್ನು ಇನ್ನೊಂದು ಕಣ್ಣಿನಿಂದಲೂ ಕಾಣಬಹುದು: ಆಟದ ಕಣ್ಣಿನಿಂದ. ಇಂದು ಪಟ್ಟಣದ ಅನೇಕ ಮನೆಗಳಲ್ಲಿ ಸಂಜೆಯಾಯಿತೆಂದರೆ ಮಗನೋ ಮಗಳೋ ಕಿವಿಗೆ ಶ್ರವಣಯಂತ್ರವನ್ನು ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂಡುತ್ತಾರೆ. “ನಾನು ಎದುರು ನಿಲ್ಲುತ್ತೇನೆ, ನೀನು ಹಿಂದಿನಿಂದ ಹೊಡೆ” ಎಂದು, ಮನೆಯವರಾರೂ ಕಾಣದ ಯಾರಿಗೋ ಹೇಳುತ್ತಾರೆ. ಒಳಗಿನಿಂದ ತಾಯಿ ಊಟಕ್ಕೆ ಕರೆಯುತ್ತಾಳೆ. “ಈಗ ಎದ್ದರೆ ಉಳಿದ ನಾಲ್ವರೂ ಸಾಯುತ್ತಾರಮ್ಮ” ಎಂಬ ಉತ್ತರ ಬರುತ್ತದೆ. ಆ ನಾಲ್ವರು ಯಾರು? ಅವರದು ನಿಜವಾದ ಗೆಳೆತನವೇ, ಅಥವಾ ತೆರೆಯೊಡನೆ ಆರಿಹೋಗುವ ನೆರಳೇ? ತಂದೆತಾಯಿಗಳ ಈ ಸಂದೇಹ ಸಾಧಾರಣವಾದುದಲ್ಲ.

ಆನ್‌ಲೈನ್ ಪಾತ್ರಧಾರಣೆಯ ಆಟಗಳೆಂದು ಇವುಗಳ ಹೆಸರು, ಸರಳವಾಗಿ ವೇಷದಾಟಗಳೆನ್ನಬಹುದು. ಹಣವನ್ನು ಪಣವಾಗಿ ಒಡ್ಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಇವು ಆ ಜಾತಿಯವಲ್ಲ. ಇಲ್ಲಿ ಆಟಗಾರನು ಒಂದು ವೇಷವನ್ನು ಧರಿಸಿ, ಸಾವಿರಾರು ಇತರ ವೇಷಧಾರಿಗಳು ಏಕಕಾಲದಲ್ಲಿ ಸಂಚರಿಸುವ ಒಂದು ಕಲ್ಪಿತ ಲೋಕವನ್ನು ಹೊಗುತ್ತಾನೆ. ಅವನ್ನು ತೂಗಿ ನೋಡುವವರು ಮುಖ್ಯವಾಗಿ ಎರಡನ್ನು ಹೋಲಿಸುತ್ತಾರೆ: ಕಾದಾಟದಲ್ಲಿ ಜೊತೆಗಾರರು ಹೇಗೆ ಒದಗುತ್ತಾರೆ, ಲೋಕವನ್ನು ಹೇಗೆ ಕಟ್ಟಲಾಗಿದೆ. ಇವು ಎರಡು ಬೇರೆ ಪ್ರಶ್ನೆಗಳಂತೆ ತೋರುತ್ತವೆ. ಆದರೆ ಇವೆರಡೂ ಒಂದೇ ಪ್ರಶ್ನೆಯೆಂಬುದಕ್ಕೆ ಹೇಮಾವತಿಯ ಸೀಮೆ ಕಲ್ಲಿನಲ್ಲಿಯೂ ಗೆರೆಯಲ್ಲಿಯೂ ಸಾಕ್ಷಿಯನ್ನು ಇಟ್ಟುಕೊಂಡಿದೆ.

ಹದಿನೈದು ಆಡು, ಮೂರು ಹುಲಿ

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ದೇವಸ್ಥಾನದ ಜಗಲಿಯಾಗಲಿ, ಅರಳಿಕಟ್ಟೆಯಾಗಲಿ ಬರಿಯ ಕುಳಿತುಕೊಳ್ಳುವ ಸ್ಥಳವಾಗಿರಲಿಲ್ಲ. ಸೀಮೆಸುಣ್ಣದ ಒಂದು ಚೂರು, ಹಿಡಿಯಷ್ಟು ಹುಣಿಸೆಬೀಜ, ಮೂರು ಬೆಣಚುಕಲ್ಲು ಇದ್ದರೆ ಅದೇ ಕಾಡಾಗುತ್ತಿತ್ತು. ಆಡು-ಹುಲಿ ಆಟವೆಂದೂ ಹುಲಿ-ಕುರಿ ಆಟವೆಂದೂ ಕರೆಯುವ ಈ ಆಟದ ಮನೆಗಳನ್ನು ಊರೂರಿಗೆ ಬೇರೆಯಾಗಿ ಬರೆಯುವುದುಂಟು. ದಕ್ಷಿಣದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮಾದರಿಯಲ್ಲಿ ಒಂದು ಶಿಖರದಿಂದ ಗೆರೆಗಳು ಬೆಟ್ಟದ ಇಳಿಜಾರಿನಂತೆ ಕೆಳಗಿಳಿಯುತ್ತವೆ. ಅಡ್ಡ ಗೆರೆಗಳು ಅವನ್ನು ಕತ್ತರಿಸುತ್ತವೆ. ಹೀಗೆ ಆಗುವ ಮನೆಗಳು 23. ಹುಲಿಗಳು 3, ಆಡುಗಳು 15. ಆಡನ್ನು ಹಾರಿ ಅದರ ಹಿಂದಿನ ಮನೆಗೆ ಹೋಗಿ ನಿಲ್ಲಲು ತೆರಪಿದ್ದರೆ ಹುಲಿಗೆ ಆ ಆಡು ಆಹಾರ. ಆಡಿಗೆ ಕೋರೆಯಿಲ್ಲ, ನೆಗೆತವಿಲ್ಲ. ಅದು ಹುಲಿಯನ್ನು ಎಂದೂ ಕೊಲ್ಲಲಾರದು. ಮೂರು ಹುಲಿಗಳೂ ಅಲುಗದಂತೆ ಸುತ್ತುಗಟ್ಟುವುದೊಂದೇ ಅದರ ಗೆಲವು.

ಇಲ್ಲಿ ಆಡನ್ನು ಕಾಯುವುದು ಯಾವುದು? ಅದರ ಬಲವಲ್ಲ, ಅದರ ಬೆನ್ನಿನ ಮನೆಯಲ್ಲಿ ನಿಂತ ಇನ್ನೊಂದು ಆಡು. ಹಿಂದಿನ ಮನೆ ತುಂಬಿದ್ದರೆ ಹುಲಿ ಹಾರಲಾರದು. ಗೆರೆಯ ಕೊನೆಯಲ್ಲಿ ನಿಂತ ಆಡಿಗೂ ಆ ಗೆರೆಯಲ್ಲಿ ಭಯವಿಲ್ಲ, ಏಕೆಂದರೆ ಅದರಾಚೆಗೆ ಮನೆಯೇ ಇಲ್ಲ. ಒಂದು ಕಡೆ ಜೊತೆಗಾರ ಕಾಯುತ್ತಾನೆ, ಇನ್ನೊಂದು ಕಡೆ ನೆಲ ಕಾಯುತ್ತದೆ. ಇವೇ ಹದಿನೈದು ಆಡುಗಳನ್ನು ಗೆರೆಗಳಿಲ್ಲದ ಬಯಲಿನಲ್ಲಿ ಬಿಟ್ಟರೆ ಒಗ್ಗಟ್ಟಿನ ಮಾತೇ ಬರುವುದಿಲ್ಲ. ಒಗ್ಗಟ್ಟನ್ನು ಹುಟ್ಟಿಸುವುದು ಗೆರೆ. ಆಟದ ಲೋಕವನ್ನು ಕಟ್ಟುವವನು ಗೆರೆಯೆಳೆಯುವಾಗಲೇ, ಆಡುವವರ ನಡುವೆ ಎಂಥ ನಂಟು ಬೆಳೆಯಬೇಕೆಂಬುದನ್ನೂ ನಿಶ್ಚಯಿಸಿಬಿಟ್ಟಿರುತ್ತಾನೆ.

ಮಾತಿನಿಂದ ಎದ್ದ ಲೋಕ

ಹೊಳೆನರಸೀಪುರದಿಂದ ಪಡುವಲಿಗೆ ಹೊರಟರೆ ಅರಕಲಗೂಡು ತಾಲ್ಲೂಕು. ಹೊಗೆಸೊಪ್ಪಿನ ಹೊಲಗಳು, ರಾಮನಾಥಪುರದ ಬಳಿ ಕಾವೇರಿ, ನದಿಯ ದಡದಲ್ಲಿ ರಾಮೇಶ್ವರ ಮತ್ತು ಸುಬ್ರಹ್ಮಣ್ಯ ದೇವಾಲಯಗಳು. ಕರಾವಳಿಯ ಯಕ್ಷಗಾನ ಲೋಕಪ್ರಸಿದ್ಧವಾಯಿತು. ಹಾಸನ, ತುಮಕೂರು, ಮಂಡ್ಯ, ಮೈಸೂರಿನ ಈ ಬಯಲುಸೀಮೆಯದೇ ಆದ ಮೂಡಲಪಾಯ ಯಕ್ಷಗಾನಕ್ಕೆ ಅಷ್ಟು ಹೆಸರು ಬರಲಿಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಯ ಬಯಲಿನಲ್ಲಿ ಚಪ್ಪರವೆದ್ದು, ಮುಖವೀಣೆ ಮದ್ದಲೆಗಳ ಧ್ವನಿಯೊಡನೆ ರಾತ್ರಿಯೆಲ್ಲ ನಡೆಯುವ ಈ ಆಟದಲ್ಲಿ ಹಗಲು ನೇಗಿಲು ಹಿಡಿದವನೇ ಇರುಳು ಭುಜಕೀರ್ತಿ ಕಿರೀಟಗಳನ್ನು ಧರಿಸಿ ಕರ್ಣನಾಗುತ್ತಾನೆ. ಕಣ್ಣಿಗೆ ಅರಮನೆಯಿಲ್ಲ, ರಥವಿಲ್ಲ, ರಣರಂಗವಿಲ್ಲ. ಭಾಗವತನು ಪದವನ್ನು ಎತ್ತಿಕೊಂಡೊಡನೆ ಅವೆಲ್ಲವೂ ಇವೆ.

ಪಶ್ಚಿಮದಲ್ಲಿ ಈ ಬಗೆಯ ಆಟಕ್ಕೆ ಅಚ್ಚಾದ ನಿಯಮದ ಪುಸ್ತಕ ಬಂದದ್ದು 1974ರಲ್ಲಿ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಒಬ್ಬನು ಲೋಕವನ್ನು ಬಾಯಿಯಿಂದ ವರ್ಣಿಸುತ್ತಾನೆ. ಉಳಿದವರು ವೇಷಗಳಾಗಿ ಅದರೊಳಗೆ ನಡೆಯುತ್ತಾರೆ. ಭಾಗವತನ ಮನೆತನಕ್ಕೆ ಸೇರಿದವನೇ ಅವನು! 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟ ಇದನ್ನೇ ಕಂಪ್ಯೂಟರಿಗೆ ಏರಿಸಿತು. ಅದರಲ್ಲಿ ಚಿತ್ರವೇ ಇರಲಿಲ್ಲ. ‘ನೀವು ಇಕ್ಕಟ್ಟಾದ ಹಾದಿಯಲ್ಲಿ ನಿಂತಿದ್ದೀರಿ’ ಎಂಬ ಬಗೆಯ ವಾಕ್ಯಗಳು ಮಾತ್ರ. ಒಂದೇ ಹಾದಿಯಲ್ಲಿ ಹಲವರು ಏಕಕಾಲದಲ್ಲಿ ನಿಲ್ಲಬಹುದಾಗಿತ್ತೆಂಬುದೇ ಅದರ ಹೊಸತನ. ಇಂದಿನ ಬಣ್ಣಬಣ್ಣದ ಆನ್‌ಲೈನ್ ಲೋಕಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಮೂಡಲಪಾಯದ ಯುದ್ಧವನ್ನು ಕಂಡವರು ಒಂದು ವಿಷಯವನ್ನು ಗಮನಿಸಿರಬಹುದು. ವೇಷಗಳಿಬ್ಬರು ಎದುರಾಳಿಗಳು, ಆದರೆ ಇಬ್ಬರ ಹೆಜ್ಜೆಯೂ ಒಂದೇ ತಾಳಕ್ಕೆ ಬೀಳಬೇಕು. ಕಾದಾಡುವವರೂ ಜೊತೆಗಾರರೇ. ತಾಳ ತಪ್ಪಿದ ವೀರನು ಸೋಲುವುದು ವೈರಿಗಲ್ಲ, ಪ್ರೇಕ್ಷಕರ ನಗೆಗೆ.

ಚಕ್ರವ್ಯೂಹದ ಬಾಗಿಲು

ಅಲ್ಲಿಂದ ಬಡಗಲಿಗೆ ಹಾಸನ. ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿಲೋಮೀಟರು. ಬೇಲೂರು, ಸೋಮನಾಥಪುರಗಳೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಮೇಲೆ ಅಂಗೈಯಗಲದ ಕಲ್ಲಿನಲ್ಲಿ ಒಂದು ಸುರುಳಿಯನ್ನು ಕೊರೆದಿದ್ದಾರೆ. ಅವಸರದ ಪ್ರವಾಸಿಗನ ಕಣ್ಣಿಗೆ ಅದು ಬೀಳದೆ ಹೋದರೂ ಆಶ್ಚರ್ಯವಿಲ್ಲ. ಅದು ಚಕ್ರವ್ಯೂಹ, ಒಳಗೆ ನುಗ್ಗುತ್ತಿರುವವನು ಅಭಿಮನ್ಯು.

ಆ ಕಥೆ ಎಲ್ಲರಿಗೂ ತಿಳಿದದ್ದು. ಆದರೂ ಅದನ್ನು ಶೌರ್ಯದ ಕಥೆಯೆಂದು ಓದುವ ಬದಲು ಜೊತೆಗಾರಿಕೆಯ ಕಥೆಯೆಂದು ಓದಿದರೆ ಬೇರೊಂದು ಅರ್ಥ ಹೊರಡುತ್ತದೆ. ವ್ಯೂಹವನ್ನು ಹೊಗುವುದು ಬಾಲಕನಿಗೆ ಗೊತ್ತಿತ್ತು, ಹೊರಬರುವುದು ಗೊತ್ತಿರಲಿಲ್ಲ. ಅವನು ಬಾಗಿಲನ್ನು ಒಡೆಯುವುದು, ಭೀಮಾದಿಗಳು ಅವನ ಬೆನ್ನಿಗೇ ನುಗ್ಗುವುದು ಎಂಬುದು ಏರ್ಪಾಡು. ಏರ್ಪಾಡಿನಲ್ಲಿ ತಪ್ಪಿರಲಿಲ್ಲ. ಸೈಂಧವನೊಬ್ಬನು ಬಾಗಿಲಲ್ಲಿ ನಿಂತನು, ಸುರುಳಿ ಮುಚ್ಚಿಕೊಂಡಿತು. ಒಳಗಿನವನು ಒಂಟಿಯಾದನು. ಅಭಿಮನ್ಯುವಿನ ಬೆನ್ನಿನ ಮನೆ ಬರಿದಾಯಿತು.

ತೆರೆಯ ಮೇಲಿನ ಆಟಗಳನ್ನು ಕಟ್ಟಿದವರು ಈ ಬಾಗಿಲಿನ ಮರ್ಮವನ್ನು ಚೆನ್ನಾಗಿ ಅರಿತಿದ್ದಾರೆ. 1999ರ ‘ಎವರ್‌ಕ್ವೆಸ್ಟ್’, 2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಮೊದಲಾದ ಆಟಗಳಲ್ಲಿ ಗುಹೆಯಂತಹ ಇಕ್ಕಟ್ಟಿನ ಕೋಟೆಗಳಿವೆ. ವಾರ್‌ಕ್ರಾಫ್ಟಿನ ಸಾಮಾನ್ಯ ಗುಹೆಗೆ ಐವರ ಪಡೆ. ಒಬ್ಬನು ಎದುರು ನಿಂತು ರಾಕ್ಷಸನ ಕೋಪವನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಪೆಟ್ಟು ತಿನ್ನುತ್ತಾನೆ. ಒಬ್ಬನು ಅವನ ಗಾಯವನ್ನು ಮಾಯಿಸುತ್ತಲೇ ಇರುತ್ತಾನೆ. ಉಳಿದ ಮೂವರು ಹೊಡೆಯುತ್ತಾರೆ. ಹೊಡೆಯುವವನು ಆತುರಪಟ್ಟು ಅತಿಯಾಗಿ ಹೊಡೆದರೆ ರಾಕ್ಷಸನು ಅವನ ಕಡೆಗೆ ತಿರುಗುತ್ತಾನೆ. ತನ್ನ ಪರಾಕ್ರಮವನ್ನು ತಾನೇ ಹತೋಟಿಯಲ್ಲಿಡುವುದು ಇಲ್ಲಿ ಗೆಳೆಯರಿಗೆ ಮಾಡುವ ಉಪಕಾರ. ಮಗನು ಊಟಕ್ಕೆ ಏಳಲಾರದಿರುವ ಕಾರಣವೂ ಇದೇ: ಐವರಲ್ಲಿ ಒಬ್ಬನು ಎದ್ದುಹೋದರೆ ಉಳಿದವರಿಗೆ ಸೈಂಧವನು ಬಾಗಿಲು ಹಾಕಿದಂತೆಯೇ.

2012ರಲ್ಲಿ ಬಂದ ‘ಗಿಲ್ಡ್ ವಾರ್ಸ್ 2’ ಬೇರೆ ದಾರಿಯನ್ನು ಹಿಡಿಯಿತು. ವೈದ್ಯನೆಂಬ ಪ್ರತ್ಯೇಕ ವೇಷವೇ ಬೇಡ. ಪ್ರತಿಯೊಬ್ಬನೂ ತನ್ನ ಗಾಯವನ್ನು ತಾನೇ ನೋಡಿಕೊಳ್ಳಲಿ. ಬಿದ್ದವನನ್ನು ದಾರಿಹೋಕನಾದರೂ ಎತ್ತಿ ನಿಲ್ಲಿಸಲಿ ಎಂಬುದು ಅದರ ನೀತಿ. ವಿಶಾಲವಾದ ಬಯಲಿನಲ್ಲಿ ಯುದ್ಧವಾಗುತ್ತಿದ್ದರೆ ಅಲ್ಲಿಗೆ ಓಡಿ ಬಂದವರೆಲ್ಲ ಕೈಜೋಡಿಸಬಹುದು, ಕೈಜೋಡಿಸಿದವರಿಗೆಲ್ಲ ಪಾಲುಂಟು. ಜಾತ್ರೆಯ ತೇರನ್ನು ಎಳೆಯುವ ಹಾಗೆ. ಆದರೆ 2015ರಲ್ಲಿ ಇದೇ ಆಟಕ್ಕೆ ಹತ್ತು ಮಂದಿಯ ಪಡೆಗಾಗಿ ಕಠಿನವಾದ ಕೋಟೆಗಳನ್ನು ಸೇರಿಸಿದಾಗ ಪೆಟ್ಟು ತಿನ್ನುವವನೂ ಗಾಯ ಮಾಯಿಸುವವನೂ ಮೆಲ್ಲಗೆ ಮರಳಿ ಬಂದರು. ಬಯಲಿನಲ್ಲಿ ಕರಗಿದ ಪಾತ್ರಗಳು ಕೋಟೆಯಲ್ಲಿ ಮತ್ತೆ ಗಟ್ಟಿಯಾದವು. ಮನುಷ್ಯರು ಹೇಗೆ ಜೊತೆಗೂಡುತ್ತಾರೆಂಬುದನ್ನು ನೆಲವೇ ತೀರ್ಮಾನಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಈ ಜಿಲ್ಲೆಯ ಹಳ್ಳಿಗಳ ಹೊರಗೆ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಶಿವಸಾನ್ನಿಧ್ಯ. ತುದಿಯಲ್ಲಿ ಸೂರ್ಯ ಚಂದ್ರರು. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಬಿದ್ದವರೂ ಇಂತಹ ಕಲ್ಲುಗಳಲ್ಲಿದ್ದಾರೆ. ವಾರ್‌ಕ್ರಾಫ್ಟಿನಲ್ಲಿ ಸತ್ತವನು ಪ್ರೇತವಾಗಿ ಶ್ಮಶಾನದಿಂದ ತನ್ನ ದೇಹದವರೆಗೆ ಓಡಿ ಬಂದು ಮತ್ತೆ ಎದ್ದು ನಿಲ್ಲುತ್ತಾನೆ. ವೀರಗಲ್ಲಿನವನು ಎದ್ದು ಬರಲಿಲ್ಲ. ಆಟವು ಆಟವಾಗಿರುವುದು ಇಲ್ಲಿಯೇ.

ಸುತ್ತಿ ನೋಡುವ ಲೋಕ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗುವವರು ಕಡಮೆ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ಲೋಕವಿನ್ಯಾಸದ ಪಾಠಶಾಲೆಯಂತಿದೆ. ನಕ್ಷತ್ರದ ಕೋನಗಳುಳ್ಳ ಜಗತಿಯ ಮೇಲೆ ಪ್ರದಕ್ಷಿಣೆ ಬರಬೇಕು. ಕೆಳಗೆ ಆನೆಗಳ ಸಾಲು ಇಡೀ ಲೋಕದ ಭಾರವನ್ನು ಹೊತ್ತಿದೆ. ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣ ಕಥೆಗಳು, ಮಕರಗಳು, ಹಂಸಗಳು. ಗೋಡೆ ನೆಟ್ಟಗೆ ಓಡುವುದಿಲ್ಲ. ಹೆಜ್ಜೆ ಹೆಜ್ಜೆಗೂ ಮಡಿಸಿಕೊಳ್ಳುತ್ತದೆ. ಆದುದರಿಂದ ಮುಂದಿನ ಮೂರ್ತಿ ಯಾವುದೆಂದು ಮೂಲೆಯನ್ನು ತಿರುಗುವವರೆಗೆ ತಿಳಿಯುವುದಿಲ್ಲ. ನಡೆಯದೆ ನಿಂತವನಿಗೆ ಕಥೆ ತೆರೆಯುವುದೇ ಇಲ್ಲ.

ಇದನ್ನು ಕಡೆದವರಲ್ಲಿ ಇಬ್ಬರ ಹೆಸರು ಉಳಿದಿದೆ: ಬೈಚೋಜ ಮತ್ತು ಮಲ್ಲಿತಮ್ಮ. ಇಬ್ಬರ ಕೈಯೂ ಬೇರೆ. ಆದರೂ ಸುತ್ತಿ ಬಂದವನಿಗೆ ಕಾಣುವುದು ಒಂದೇ ದೇವಾಲಯ. ಕಾದಾಟದಲ್ಲಿ ಮಾತ್ರವಲ್ಲ, ಕಟ್ಟುವುದರಲ್ಲಿಯೂ ಜೊತೆಗಾರಿಕೆಯುಂಟು.

ವಾರ್‌ಕ್ರಾಫ್ಟಿನ ಲೋಕವೂ ಮೊದಲು ನಡೆದು ನೋಡುವ ಲೋಕವೇ ಆಗಿತ್ತು. ಗುಹೆಯನ್ನು ಹೊಗಬೇಕಾದರೆ ಊರಿನಲ್ಲಿ ನಿಂತು ಜೊತೆಗಾರರನ್ನು ಕೂಗಿ ಕರೆಯಬೇಕು, ಅವರೊಡನೆ ಬೆಟ್ಟ ಹತ್ತಿ ಕಾಡು ದಾಟಬೇಕು. ದಾರಿಯಲ್ಲಿ ಪರಿಚಯ ಬೆಳೆಯುತ್ತಿತ್ತು. ಕೆಟ್ಟದಾಗಿ ನಡೆದುಕೊಂಡವನ ಹೆಸರು ಊರಿಗೆಲ್ಲ ತಿಳಿಯುತ್ತಿತ್ತು. 2009ರ ಡಿಸೆಂಬರಿನಲ್ಲಿ ಒಂದು ಸೌಕರ್ಯವನ್ನು ತಂದರು. ಗುಂಡಿಯೊತ್ತಿದರೆ ಸಾಕು, ಯಂತ್ರವೇ ಎಲ್ಲೆಲ್ಲಿಯೋ ಇರುವ ಐವರನ್ನು ಹೊಂದಿಸಿ ನೇರವಾಗಿ ಗುಹೆಯೊಳಗೆ ಇಳಿಸುತ್ತದೆ. ಕಾಯುವ ಬೇಸರ ತಪ್ಪಿತು. ಅದರೊಡನೆ ದಾರಿಯೂ ತಪ್ಪಿತು. ಒಂದು ಗುಹೆಯಲ್ಲಿ ಕೂಡಿ ಕಾದಿದವರು ಮರುಗಳಿಗೆಯಲ್ಲಿ ಅಪರಿಚಿತರು. ಜೊತೆಯಾಟ ಸುಲಭವಾಯಿತು, ಜೊತೆಗಾರರು ಅಪರೂಪವಾದರೆಂದು ಹಳೆಯ ಆಟಗಾರರು ಇಂದಿಗೂ ಹಳಹಳಿಸುತ್ತಾರೆ. ಜಗತಿಯನ್ನು ಕಿತ್ತುಹಾಕಿ, ನೋಡುಗನನ್ನು ಒಂದು ಮೂರ್ತಿಯ ಮುಂದಿನಿಂದೆತ್ತಿ ಇನ್ನೊಂದು ಮೂರ್ತಿಯ ಮುಂದೆ ನಿಲ್ಲಿಸಿದಂತಾಯಿತು.

ಆದರೂ ಆ ಲೋಕಗಳಲ್ಲಿ ಮನುಷ್ಯತ್ವವೇ ಇಲ್ಲವೆನ್ನಲಾಗದು. 2005ರ ಸೆಪ್ಟೆಂಬರಿನಲ್ಲಿ ಅದೇ ವಾರ್‌ಕ್ರಾಫ್ಟಿನ ಒಂದು ಗುಹೆಯೊಳಗೆ ಮಾತ್ರ ಇರಬೇಕಾಗಿದ್ದ ಅಂಟುರೋಗವು ಸಾಕುಪ್ರಾಣಿಗಳ ಮೂಲಕ ಹೊರಬಿದ್ದು ನಗರಗಳಿಗೆ ಹರಡಿತು. ರಚಿಸಿದವರೂ ಇದನ್ನು ಎಣಿಸಿರಲಿಲ್ಲ. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಬೇಕೆಂದೇ ರೋಗವನ್ನು ಹರಡಿದರು. ಕೆಲವರು ಯಾರೂ ಹೇಳದೆ ತಾವಾಗಿ ನಿಂತು ಅಪರಿಚಿತರಿಗೆ ಚಿಕಿತ್ಸೆ ಮಾಡಿದರು. ಸಾಂಕ್ರಾಮಿಕ ರೋಗಗಳ ತಜ್ಞರು 2007ರಲ್ಲಿ ಈ ಪ್ರಸಂಗವನ್ನು ಕುರಿತು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಲ್ಪಿತ ಊರಿನಲ್ಲಿಯೂ ಮನುಷ್ಯರು ನಿಜವಾದ ಊರಿನವರಂತೆಯೇ ನಡೆದುಕೊಂಡಿದ್ದರು.

ಗೆದ್ದು ಕೆಳಗಿಟ್ಟವರು

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ ಹತ್ತಿರ. ಇಂದ್ರಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿದವನಿಗೆ ಗೊಮ್ಮಟನ ದರ್ಶನ. ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ, 57 ಅಡಿಗೂ ಮೀರಿದ ಈ ಮೂರ್ತಿಯ ಹಿಂದೆಯೂ ಒಂದು ಯುದ್ಧದ ಕಥೆಯಿದೆ; 941ರಲ್ಲಿ ಪಂಪನು ಆದಿಪುರಾಣದಲ್ಲಿ ಅದನ್ನು ಕನ್ನಡಕ್ಕೆ ತಂದನು. ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಹಟಕ್ಕೆ ಸಾವಿರಾರು ಮಂದಿ ಏಕೆ ಸಾಯಬೇಕೆಂದು ಮಂತ್ರಿಗಳು ತಡೆದರು. ಯುದ್ಧವನ್ನು ಇಬ್ಬರೊಳಗಿನ ಪಂದ್ಯವನ್ನಾಗಿ ಮಾಡಿದರು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರಕ್ಕೂ ನಿಯಮವುಂಟು, ರಕ್ತವಿಲ್ಲ. ಮೂರನ್ನೂ ಬಾಹುಬಲಿಯೇ ಗೆದ್ದನು. ಮಲ್ಲಯುದ್ಧದಲ್ಲಿ ಮೇಲಕ್ಕೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಕೆಳಗಿಳಿಸಿದನು. ಗೆದ್ದ ರಾಜ್ಯವನ್ನೂ ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟನು.

ಎದುರಿನ ಚಂದ್ರಗಿರಿಯಲ್ಲಿ ಇನ್ನೊಬ್ಬ ಆಟಗಾರನ ನೆನಪಿದೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು ರಾಜ್ಯವನ್ನು ಕಳೆದುಕೊಂಡ ಮೇಲೆ ಬೆಳಗೊಳಕ್ಕೆ ಬಂದು 982ರಲ್ಲಿ ಸಲ್ಲೇಖನದಿಂದ ದೇಹವನ್ನು ತ್ಯಜಿಸಿದನು. ಅವನ ನಿಧನವನ್ನು ಹೇಳುವ ಶಾಸನ, ಇಂದಿನ ಪೋಲೋವನ್ನು ನೆನಪಿಗೆ ತರುವ ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತಾರವಾಗಿ ಹೊಗಳುತ್ತದೆ. ರಾಜ್ಯ ಹೋಗಿತ್ತು, ದೇಹ ಹೋಗಿತ್ತು. ಶಾಸನ ಬರೆಸಿದವರಿಗೆ ಅವನ ಆಟ ಮಾತ್ರ ನೆನಪಿಟ್ಟುಕೊಳ್ಳುವಂಥದಾಗಿತ್ತು. ಆಟವನ್ನು ಹಿರಿಯರು ಹಗುರವಾಗಿ ಎಣಿಸಿರಲಿಲ್ಲ. ಅದನ್ನು ಕೆಳಗಿಡುವ ಹೊತ್ತನ್ನೂ ಅವರು ಮರೆತಿರಲಿಲ್ಲ.

ಆದುದರಿಂದ ಕಂಪ್ಯೂಟರಿನ ಮುಂದೆ ಕುಳಿತ ಮಗುವನ್ನು ಗದರಿಸಿ ಎಬ್ಬಿಸುವುದಕ್ಕೆ ಮೊದಲು ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಆ ಲೋಕದಲ್ಲಿ ನಿನ್ನ ಬೆನ್ನಿನ ಮನೆಯಲ್ಲಿ ನಿಂತಿರುವವರು ಯಾರು, ನಾಳೆಯೂ ಅವರೇ ಇರುವರೇ? ಅಲ್ಲಿಂದ ಹೊರಬರುವ ದಾರಿ ನಿನಗೆ ಗೊತ್ತಿದೆಯೇ? ಎರಡಕ್ಕೂ ಉತ್ತರ ಸಿಕ್ಕಿದರೆ ಊಟ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ. ಸಿಕ್ಕದಿದ್ದರೆ, ಬರುವ ರಜೆಯಲ್ಲಿ ಮಗುವಿನ ಕೈಹಿಡಿದು ಹೊಳೆನರಸೀಪುರದ ರೈಲನ್ನು ಹತ್ತಬಹುದು. ಜೇಬಿನಲ್ಲಿ ಹಿಡಿಯಷ್ಟು ಹುಣಿಸೆಬೀಜವೂ ಒಂದು ಸೀಮೆಸುಣ್ಣದ ಚೂರೂ ಇರಲಿ.